ಕ್ಷೇಮ ಬರೆಯದ ಕಾರ್ಡು

ಹುಮನಾಬಾದಿನ ಬಸವಣಪ್ಪನವರ ಬೇಳೆ ಗಿರಣಿಯಿಂದ ಬಂದ ಪತ್ರದಲ್ಲಿ ವಿಷಯ ಏನೆಂದು ತಿಳಿಯಬೇಕಾದರೆ ಹಾಳೆ ಮಗುಚಲೇಬೇಕಿತ್ತು. ಮೊದಲ ಪುಟವೆಲ್ಲ ಉಪಚಾರಕ್ಕೇ ಮೀಸಲು. ಬರೆಯುತ್ತಿದ್ದವರು ಗಿರಣಿಯ ಗುಮಾಸ್ತ ಅಜೀಮುದ್ದೀನ್. ಊರವರ ಬಾಯಲ್ಲಿ ಅವರು ಬರೀ ಮುನ್ಶಿ. ದಿನಾ ಬೆಳಿಗ್ಗೆ ಬಸವಕಲ್ಯಾಣದಿಂದ ಬಸ್ಸು ಹಿಡಿದು ಬಂದು, ಟೋಪಿಯನ್ನು ಮೊಳೆಗೆ ಸಿಕ್ಕಿಸಿ, ಮಸಿ ಪೆನ್ನಿನ ಮೂತಿ ಒರೆಸಿ ಕುಳಿತರೆಂದರೆ ಯಾರಿಗಾದರೂ ಒಂದು ಪತ್ರ ಹೋಗಲೇಬೇಕು.

ಅವರ ತಂದೆ ಕಚೇರಿಯಲ್ಲಿ ಉರ್ದು ಪತ್ರ ಬರೆಯುತ್ತಿದ್ದವರು. ಮೊದಲು ಸಲಾಮು, ಆಮೇಲೆ ದುವಾ, ಆಮೇಲೆ ಮಳೆ ಬೆಳೆ, ಎಲ್ಲ ಮುಗಿದ ಮೇಲೆ ನಾಚುತ್ತ ನಾಚುತ್ತ ಕೆಲಸದ ಮಾತು. ಮಗ ಕಲಿತದ್ದು ಕನ್ನಡ ಶಾಲೆಯಲ್ಲಾದರೂ ರೀತಿ ಮಾತ್ರ ತಂದೆಯದೇ. ಹಿಂದೂ ಗಿರಾಕಿಗಳಿಗಾದರೆ ನೆತ್ತಿಯ ಮೇಲೆ ‘ಶ್ರೀ’, ಮುಸಲ್ಮಾನರಿಗಾದರೆ ‘೭೮೬’. ಕೆಳಗೆ, ‘ಇತ್ತ ನಾವೆಲ್ಲರೂ ಕ್ಷೇಮ, ಅತ್ತ ತಮ್ಮ ಕ್ಷೇಮ ಸಮಾಚಾರ ತಿಳಿಸುತ್ತಿರಬೇಕು.’ ಅದಾದ ಮೇಲೆ ಮಂಠಾಳದವರ ಮಗಳ ಬಾಣಂತನ ಆಯಿತೇ, ಘಾಟಬೋರಾಳದ ಗುರುಲಿಂಗನ ಎಮ್ಮೆ ಈಯಿತೇ, ಮೊಹಿನುದ್ದೀನರ ಮಂಡಿನೋವು ಕಡಿಮೆಯಾಯಿತೇ. ಯಾರನ್ನೂ ಬಿಡುತ್ತಿರಲಿಲ್ಲ. ಬಸವಣಪ್ಪನವರಿಗೂ ಅದೇ ಸೊಗಸು. ಹಳ್ಳಿಗಳಲ್ಲಿ ಮುನ್ಶಿಯ ಕಾರ್ಡನ್ನು ಕಟ್ಟೆಯ ಮೇಲೆ ಕೂತು ಎರಡೆರಡು ಸಲ ಓದಿಸಿ ಕೇಳುತ್ತಿದ್ದರು.

ತೊಂಬತ್ತಾರರಲ್ಲಿ ಬಸವಣಪ್ಪನವರ ಒಬ್ಬಳೇ ಮಗಳು ರೂಪಾಲಿ ಕಲಬುರಗಿಯಲ್ಲಿ ಓದು ಮುಗಿಸಿ ಬಂದು ಗಿರಣಿಯ ಆಫೀಸಿನಲ್ಲಿ ಕೂತಳು. ಅದೇ ಹೊತ್ತಿಗೆ ಯಂತ್ರದ ಜರಡಿ ಹರಿಯಿತು. ಹೊಸ ಜರಡಿಗಾಗಿ ಮುನ್ಶಿ ಅಕೋಲಾದ ಕಂಪನಿಗೆ ಹಿಂದಿಯಲ್ಲಿ ಎರಡು ಹಾಳೆ ತುಂಬ ಬರೆದರು. ಉತ್ತರವೇನೋ ಬೇಗ ಬಂತು. ತಮ್ಮ ಹಾರೈಕೆಗೆ ಬಹಳ ಉಪಕಾರ, ನಾವೂ ಕ್ಷೇಮ, ನಮ್ಮಿಂದ ಏನಾದರೂ ಸೇವೆ ಬೇಕಿದ್ದರೆ ತಿಳಿಸಿರಿ ಎಂದಿತ್ತು. ಆ ಪುಣ್ಯಾತ್ಮರು ಎರಡನೆಯ ಹಾಳೆಯವರೆಗೆ ಹೋಗಿರಲೇ ಇಲ್ಲ. ಗಿರಣಿ ತೆಪ್ಪಗೆ ನಿಂತಿತ್ತು. ರೂಪಾಲಿ ಮೂರೇ ಸಾಲು ಬರೆದು ಹಾಕಿದಳು. ಜರಡಿ ಮುಂದಿನ ಲಾರಿಗೇ ಬಂತು.

“ಚಾಚಾ, ಓದೋರಿಗೆ ಪುರಸೊತ್ತು ಇರಂಗಿಲ್ಲ,” ಎಂದಳು ಅವಳು. “ಮೊದಲ್ನೇ ಸಾಲಿನ್ಯಾಗ ಏನು ಬೇಕು ಹೇಳ್ರಿ. ಆಮ್ಯಾಲ ಯಾವಾಗ ಬೇಕು ಹೇಳ್ರಿ. ಅಷ್ಟಾದ್ರ ಸಾಕು.”

“ಮತ್ತ ಅವರು ಹ್ಯಾಂಗ ಅದಾರ ಅಂತ ಕೇಳೋದು, ಬೇಟಿ?”

“ಕೇಳಬ್ಯಾಡ್ರಿ.”

ಮುನ್ಶಿ ಪೆನ್ನು ಕೆಳಗಿಟ್ಟರು. “ಮನಿಗೆ ಬಂದವರಿಗೆ ನೀರು ಕೊಡೋದು ಬಿಟ್ಟು, ಯಾಕ ಬಂದ್ರಿ ಅಂತ ಕೇಳಿದಂಗ ಆಗ್ತದ.”

ರೂಪಾಲಿ ತಲೆ ತಗ್ಗಿಸಿ ಹೇಳಿದಳು. “ಸಂಕ್ರಾಂತಿ ತನಕ ನೋಡ್ತೀನಿ ಚಾಚಾ. ಪತ್ರ ಸಣ್ಣ ಆಗಲಿಲ್ಲಂದ್ರ ಟೈಪಿಂಗ್ ಬಲ್ಲವರನ್ನ ತಗೋಬೇಕಾಗ್ತದ. ಹೇಳಾಕ ನನಗೂ ಸಂಕಟ ಆಗಾಕತ್ತದ.”

ಸಂಕಟವಾಗದೆ ಏನು? ಇದೇ ಆಫೀಸಿನಲ್ಲಿ, ತೊಗರಿ ಚೀಲದ ಮೇಲೆ ಕೂಡಿಸಿಕೊಂಡು ಅವಳಿಗೆ ಅ ಆ ಇ ಈ ತಿದ್ದಿಸಿದವರು ಇದೇ ಮುನ್ಶಿ. ಹುಡುಗಿ ಹೇಳಿದ್ದರಲ್ಲಿ ಸುಳ್ಳಿಲ್ಲವೆಂಬುದು ಅವರಿಗೂ ಗೊತ್ತಿತ್ತು. ಜರಡಿ ಕಣ್ಣೆದುರಿಗೇ ಇತ್ತಲ್ಲ. ಆದರೆ ಆ ಕುರ್ಚಿ ಹೋದರೆ ಸಂಬಳದ ಜೊತೆ ಇಷ್ಟೂ ಹಳ್ಳಿಗಳ ಎಮ್ಮೆ, ಬಾಣಂತನ, ಮಂಡಿನೋವು ಎಲ್ಲ ಕೈತಪ್ಪಿ ಹೋಗುತ್ತಿದ್ದವು. ಮುನ್ಶಿಗೆ ನಿದ್ದೆ ಕೆಟ್ಟದ್ದು ಅದಕ್ಕೇ.

ಮನೆಯಲ್ಲಿ ಹೆಂಡತಿ ಹಜಿರಾ ಬೀ ಗುರುವಾದಳು. ಈ ಮನುಷ್ಯ ಉಪ್ಪು ಬೇಕೆಂದು ಕೇಳಬೇಕಾದರೂ ಸಮುದ್ರದಿಂದ ಶುರು ಮಾಡುತ್ತಾನೆ ಎಂದು ಅವಳು ಮದುವೆಯಾದಂದಿನಿಂದ ಹೇಳುತ್ತಲೇ ಬಂದವಳು. ರೊಟ್ಟಿ ಬಡಿಯುತ್ತ, ಗಂಡ ಬರೆದದ್ದನ್ನು ಗಟ್ಟಿಯಾಗಿ ಓದಿಸುವಳು. ಬೇಡದ ಸಾಲು ಬಂದಾಗಲೆಲ್ಲ ನಾಲಗೆ ಲೊಚಗುಟ್ಟುವಳು, ಮುನ್ಶಿ ಆ ಸಾಲು ಹೊಡೆದು ಹಾಕುವರು. ಮೊದಲು ದುವಾ ಹೋಯಿತು, ಆಮೇಲೆ ಮಳೆ, ಕೊನೆಗೆ ಎಮ್ಮೆ.

ಪುಷ್ಯ ಮಾಸದಲ್ಲಿ ಹೊಸ ತೊಗರಿ ಬರುವ ಕಾಲಕ್ಕೆ ಗಿರಣಿಯ ಮೋಟಾರು ಸುಟ್ಟಿತು. ಗುರುವಾರ ತೊಗರಿ ತರಬೇಕಾಗಿದ್ದ ಗುರುಲಿಂಗನಿಗೆ ಮುನ್ಶಿ ಒಂದು ಕಾರ್ಡು ಬರೆದರು: ‘ಗುರುವಾರ ಗಿರಣಿ ಬಂದ್ ಇರುತ್ತದೆ. ತೊಗರಿ ಸೋಮವಾರ ತರಬೇಕು.’ ಮುಗಿಯಿತು. ಮೇಲೆ ಏನೂ ಇಲ್ಲ, ಕೆಳಗೆ ಸಹಿ, ಗಿರಣಿಯ ನೀಲಿ ಮೊಹರು. ಅಷ್ಟೂ ಖಾಲಿ ಜಾಗ ನೋಡಿ ಅವರಿಗೇ ಒಂದು ಥರಾ ಆಯಿತು.

ರೂಪಾಲಿ ಓದಿ ಮುಖ ಅರಳಿಸಿದಳು. “ಚಾಚಾ, ಪತ್ರ ಅಂದ್ರ ಇದು.”

ಮುನ್ಶಿ ಹಿಗ್ಗಿ ಹೀರೇಕಾಯಾಗಿ ಕಾರ್ಡನ್ನು ತಾವೇ ಹೋಗಿ ಡಬ್ಬಿಗೆ ಹಾಕಿ ಬಂದರು.

ಗುರುವಾರ ಮುಚ್ಚಿದ ಗೇಟಿನ ಮುಂದೆ ಒಂದು ಜೀಪು ಬಂದು ನಿಂತಿತು. ಮರುಕ್ಷಣವೇ ಹೆಣ್ಣುಮಗಳೊಬ್ಬಳು ಬೋರಾಡಿ ಅಳುವ ದನಿ. ಒಳಗೆ ಮೋಟಾರು ರಿಪೇರಿ ನೋಡುತ್ತಿದ್ದ ರೂಪಾಲಿ ಮತ್ತು ಮುನ್ಶಿ ಓಡಿ ಬಂದು ಸಣ್ಣ ಬಾಗಿಲು ತೆರೆದರೆ, ಗುರುಲಿಂಗನ ತಾಯಿ ಕೇಶರಬಾಯಿ ಬಾಯಿಗೆ ಸೆರಗು ಹಚ್ಚಿಕೊಂಡು ನಿಂತಿದ್ದಾಳೆ. ಗುರುಲಿಂಗನ ಕೈಯಲ್ಲಿ ಮೊಳಕೈ ದಪ್ಪದ ಹೂವಿನ ಹಾರ.

“ಯವ್ವಾ ರೂಪಾಲಿ, ನಿಮ್ಮಪ್ಪ ಹ್ಯಾಂಗ ಬಿಟ್ಟು ಹೋದ್ನವ್ವಾ,” ಎಂದು ಕೇಶರಬಾಯಿ ಅವಳನ್ನು ತಬ್ಬಿಕೊಂಡಳು.

ಆ ಕಡೆಯ ಮಂದಿಗೆ ಬಿಡಿಸಿ ಹೇಳಬೇಕಿಲ್ಲ. ನೆತ್ತಿಯ ಮೇಲೆ ‘ಶ್ರೀ’ ಇಲ್ಲದ, ಕ್ಷೇಮ ಬರೆಯದ, ಎರಡೇ ಸಾಲಿನ ಕಾರ್ಡು ಬಂತೆಂದರೆ ಅದು ಸಾವಿನ ಸುದ್ದಿ. ಅದನ್ನು ಹೊಸ್ತಿಲ ಒಳಗೆ ತರುವುದಿಲ್ಲ. ಹೊರಗೇ ಹರಿದು ಹಾಕಿ ತಲೆಗೆ ನೀರು ಹಾಕಿಕೊಳ್ಳುತ್ತಾರೆ. ಕೇಶರಬಾಯಿಗೆ ಓದು ಬಾರದು. ಆದರೆ ನೀಲಿ ಮೊಹರೂ ಗೊತ್ತು, ಮುನ್ಶಿಯ ಕಾರ್ಡು ಇರುವೆ ಸಾಲಿನಂತೆ ತುಂಬಿರುತ್ತದೆಂಬುದೂ ಗೊತ್ತು. ಬೋಳು ಕಾರ್ಡು ನೋಡಿದ್ದೇ ಎದೆ ಒಡೆದು, ಮಗ ಹೊಲದಿಂದ ಬರುವುದರೊಳಗೆ ಹರಿದು ಹಾಕಿದ್ದಳು. ಬಸವಣಪ್ಪನವರಿಗೆ ಆ ಚಳಿಗಾಲ ದಮ್ಮು ಜೋರಾಗಿತ್ತು ಬೇರೆ. ಬಂದು ನೋಡಿದರೆ ಗಿರಣಿಯೂ ಬಂದ್.

ಗದ್ದಲ ಕೇಳಿ ಹಿಂದಿನ ಮನೆಯಿಂದ ಬಸವಣಪ್ಪನವರೇ ಮಫ್ಲರ್ ಸುತ್ತಿಕೊಂಡು ಚಹಾದ ಲೋಟ ಹಿಡಿದು ಬಂದರು. ಕೇಶರಬಾಯಿಯ ಅಳು ಗಂಟಲಲ್ಲೇ ನಿಂತಿತು.

ವಿಷಯ ಬಿಚ್ಚಿಕೊಂಡಾಗ ಮುನ್ಶಿ ಆಫೀಸಿನ ಚಾವಿ ತೆಗೆದು ರೂಪಾಲಿಯ ಮುಂದೆ ಹಿಡಿದರು. “ಉದ್ದ ಬರದೂ ಕೆಡಿಸಿದೆ, ಸಣ್ಣ ಬರದೂ ಕೆಡಿಸಿದೆ. ಯಾರನ್ನಾದ್ರೂ ತಗೋ ಬೇಟಿ.”

ಬಸವಣಪ್ಪನವರು ಹಾರವನ್ನು ಗುರುಲಿಂಗನ ಕೈಯಿಂದ ತೆಗೆದುಕೊಂಡು ಮುನ್ಶಿಯ ಕೊರಳಿಗೆ ಹಾಕಿದರು. “ನಾ ಹೋದ್ರ ಯಾರು ಅಳ್ತಾರ ಅಂತ ಕಣ್ಣಾರೆ ನೋಡ್ದೆ. ಇದು ಎಷ್ಟು ಮಂದಿಗೆ ಸಿಗ್ತದ?”

ರೂಪಾಲಿ ಮಾತ್ರ ನಗಲಿಲ್ಲ. ಅಂಥ ಕಾರ್ಡನ್ನು ಹೊಗಳಿ ಕಳಿಸಿದವಳು ತಾನೇ ಅಲ್ಲವೇ? ಚಾವಿಯನ್ನು ಮುನ್ಶಿಯ ಕಿಸೆಗೇ ಹಾಕಿ, ಅಲ್ಲೇ ನಿಂತು ಕರಾರು ಮಾಡಿದಳು. “ಮ್ಯಾಲ ಒಂದು ಶ್ರೀ, ಇತ್ತ ಕ್ಷೇಮ. ಆಮ್ಯಾಲ ಕೆಲಸದ ಮಾತು, ಎರಡೇ ಸಾಲು. ಸರೀನಾ?”

“ಕಡೀಗೆ ಒಂದು ಎಮ್ಮಿ?” ಎಂದರು ಮುನ್ಶಿ.

“ಒಂದೇ ಎಮ್ಮಿ, ಚಾಚಾ.”

ಅಂದಿನಿಂದ ಗಿರಣಿಯ ಪತ್ರ ಅಷ್ಟೇ ಉದ್ದ. ಅಕೋಲಾದವರೂ ವಿಷಯ ತಿಳಿದು ಮಾಲು ಕಳಿಸಿದರು, ಘಾಟಬೋರಾಳದಲ್ಲೂ ಯಾರೂ ಅಳಲಿಲ್ಲ. ಟೈಪಿಂಗಿನವರು ಬರಲೇ ಇಲ್ಲ. ರೂಪಾಲಿ ಕಂಪ್ಯೂಟರು ತಂದಳು, ಮುನ್ಶಿ ಕೂದಲು ನೆರೆಸಿಕೊಂಡರು. ಹಳ್ಳಿಯ ಕಾರ್ಡುಗಳು ಮಾತ್ರ ಅವರ ಕೈಬರಹದಲ್ಲೇ ಹೋಗುತ್ತಿದ್ದವು.

ಎರಡು ಸಾವಿರದ ಮೂರರ ಚಳಿಗಾಲದಲ್ಲಿ ಬಸವಣಪ್ಪನವರು ತೀರಿಕೊಂಡರು. ಫೋನು ಇದ್ದವರಿಗೆಲ್ಲ ಫೋನು ಹೋಯಿತು. ಗುರುಲಿಂಗನ ಫೋನು ಕೆಟ್ಟಿತ್ತು. ಈ ಒಂದು ಕಾರ್ಡನ್ನು ತಾನೇ ಬರೆಯುತ್ತೇನೆಂದು ಕೂತ ರೂಪಾಲಿಯ ಕೈ ಗಿರಣಿಯ ರೂಢಿಯಂತೆ ‘ಶ್ರೀ, ಇತ್ತ ಕ್ಷೇಮ’ ಎಂದು ಬರೆದುಬಿಟ್ಟಿತು. ಅದನ್ನು ನೋಡಿ ಅವಳಿಗೆ ದುಃಖ ಒತ್ತರಿಸಿ ಬಂತು. ಮುನ್ಶಿ ಅವಳ ಕೈಯಿಂದ ಪೆನ್ನು ಬಿಡಿಸಿಕೊಂಡು ಹೊಸ ಕಾರ್ಡು ತೆಗೆದುಕೊಂಡರು. ಮೇಲೆ ಏನೂ ಬರೆಯಲಿಲ್ಲ. ಎರಡು ಸಾಲು ಬರೆದರು. ಎಮ್ಮೆಯನ್ನು ಕೇಳಲಿಲ್ಲ.

ಮಣ್ಣು ಮುಗಿದು ಮೂರನೆಯ ದಿನ ಗಿರಣಿಯ ಮುಂದೆ ಜೀಪು ನಿಂತಿತು. ಮುಪ್ಪಿನ ಕೇಶರಬಾಯಿ ಮಗನ ಕೈ ಹಿಡಿದು ಇಳಿದಳು. ಕಣ್ಣಲ್ಲಿ ನೀರಿಲ್ಲ, ಬಾಯ್ತುಂಬ ನಗು, ಕಂಕುಳಲ್ಲಿ ಗಿಣ್ಣದ ಡಬ್ಬಿ.

“ವಯಸ್ಸಾತು ಮುನ್ಶಿ, ಮತ್ತ ಶ್ರೀ ಬರಿಯೋದು ಮರ್ತಿ ನೋಡು,” ಎಂದಳು. “ಈ ಸಲ ನಾ ಅಳಲಿಲ್ಲ. ಮಗನಿಗೂ ಓದಾಕ ಕೊಡಲಿಲ್ಲ, ಹರಿದು ಒಗದೆ. ಎಮ್ಮಿ ಈದಾದ, ಸಾವಕಾರ್ರಿಗೆ ಗಿಣ್ಣ ತಂದೀನಿ. ಕರಿ ಅವರನ್ನ.”

ಮುನ್ಶಿ ಎದ್ದು ಬಂದು ಅವಳ ಕೈಯಿಂದ ಡಬ್ಬಿ ತೆಗೆದುಕೊಂಡರು.

“ಇಲ್ಲವ್ವಾ,” ಎಂದರು. “ಈ ಸಲ ಮರ್ತಿಲ್ಲ.”