ಮೇಲ್ಮಹಡಿಯ ಗಾಳಿ

ನಾರಿನ್ ಊರಿನ ನದೀದಂಡೆಯಲ್ಲಿ ಒಂದು ನಾಲ್ಕಂತಸ್ತಿನ ವಠಾರ. ಅದರ ತುದಿಯ ಅಂತಸ್ತಿನಲ್ಲಿ ಜುಮಾಗುಲ್ ಇದ್ದಳು. ಶಿಶುವಿಹಾರದಲ್ಲಿ ಅಡುಗೆ ಮಾಡುತ್ತಲೇ ತಲೆ ನರೆತವಳು, ಗಂಡ ಹೋದ ಮೇಲೂ ಒಲೆಯನ್ನೂ ನಗುವನ್ನೂ ಆರಗೊಡದವಳು. ಚಳಿ ಬಿದ್ದು ಊರಿನ ಬಾಯ್ಲರಿನಿಂದ ಬಿಸಿನೀರು ಮನೆ ಬೆಚ್ಚಗಿಡುವ ಪೈಪುಗಳಿಗೆ ಹರಿದಾಗ, ಒಳಗಿದ್ದ ಗಾಳಿಯೆಲ್ಲ ಮೇಲೇರಿ ಅವಳ ಮನೆಯ ಪೈಪಿನಲ್ಲೇ ಬಂದು ಕೂರುತ್ತಿತ್ತು. ಅದನ್ನು ಹೊರಗೆ ಬಿಡದಿದ್ದರೆ ಕೆಳಗೆ ಯಾರ ಮನೆಯೂ ಬೆಚ್ಚಗಾಗದು. ಅವಳು ಬೋಗುಣಿ ಇಟ್ಟು, ಪುಟ್ಟ ನಲ್ಲಿ ತಿರುವಿ, ಬುಸುಗುಟ್ಟುವ ಆ ಗಾಳಿಯನ್ನು ಬಿಡುವಳು. ಮೆಟ್ಟಿಲು ತೊಳೆಯುವುದು, ಹಿಮ ಸರಿಸುವುದು ವಠಾರದಲ್ಲಿ ಸರದಿಯ ಕೆಲಸ. ಗಾಳಿ ಬಿಡುವುದು ಮಾತ್ರ ಜುಮಾಗುಲಳದೇ. ಯಾರ ಮನೆಯಲ್ಲಿ ಕುರಿ ಕಡಿದರೂ ಒಂದು ಪಾಲು ಮೆಟ್ಟಿಲೇರಿ ಅವಳಲ್ಲಿಗೆ ಬರುತ್ತಿತ್ತು.

ಆದರೆ ಮಂಡಿಗಳು ಮೊಂಡು ಹಿಡಿದವು. ಹೋದ ಚಳಿಗಾಲವಿಡೀ ಅವಳು ಮೆಟ್ಟಿಲಿಳಿದು ನೆಲ ಮುಟ್ಟಲಿಲ್ಲ. ಎದುರು ಬೀದಿಯಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ ನಡೆದಾಗಲೂ ಕಿಟಕಿಯಿಂದಲೇ ಹರಸಿದಳು. ನೆಲದ ಅಂತಸ್ತಿನಲ್ಲಿದ್ದ ವ್ಯಾನ್ ಓಡಿಸುವ ಎಸೆನ್, ಅವನ ಹೆಂಡತಿ ಗುಲ್ಸಾರಾ, ತಮಗೆ ಬಿಸಿಲು ಬೇಕು, ಮನೆ ಅದಲುಬದಲು ಮಾಡಿಕೊಳ್ಳೋಣವೇ ಎಂದಾಗ ಅವಳಿಗೆ ಹಾಲು ಕುಡಿದಷ್ಟು ಸಂತೋಷ.

ಮನೆ ಅವರವರದು, ತಡೆಯುವ ಹಕ್ಕು ವಠಾರದ ಸಂಘಕ್ಕಿರಲಿಲ್ಲ. ಆದರೂ ಜೊತೆಯಲ್ಲಿ ಬಾಳಿದವರ ಮಾತು ಮೀರುವವಳಲ್ಲ ಜುಮಾಗುಲ್. ಅಂಗಳದಲ್ಲಿ ಎಲ್ಲರೂ ಸೇರಿದಾಗ ಎರಡನೆಯ ಅಂತಸ್ತಿನ ಮುದುಕ ತೊಕ್ತೊಸುನ್ ಗಂಟಲು ಸರಿಮಾಡಿಕೊಂಡ.

"ಮೆಟ್ಟಿಲು ತೊಳೆಯೋ ಸರದಿ ಬಂದಾಗೆಲ್ಲ ಈ ಎಸೆನ್‌ನ ವ್ಯಾನು ದೂರದ ಬಿಶ್ಕೆಕ್‌ನಲ್ಲೇ ಕೆಟ್ಟು ನಿಲ್ಲುತ್ತೆ. ಇವನ ಕೈಗೆ ನಮ್ಮ ಚಳಿಗಾಲ ಕೊಡೋದಾ?"

ಎಲ್ಲರೂ ನಕ್ಕರು, ಎಸೆನ್ ಕೂಡ. ಅಪಾ, ನಮ್ಮ ತಾಯಿ, ನೀವು ಮೇಲೇ ಇರಿ, ಹಿಟ್ಟು ರೊಟ್ಟಿ ನಾವು ಹೊತ್ತು ತರುತ್ತೇವೆ ಎಂದರು ಹೆಂಗಸರು.

"ಹಿಟ್ಟು ಹೊತ್ತು ಹತ್ತುತ್ತೀರಿ, ಸರಿ. ನನ್ನ ಹೊತ್ತು ಇಳಿಸೋರು ಯಾರ್ರಮ್ಮಾ?"

ಕೊನೆಗೆ, ಸದ್ಯಕ್ಕೆ ಬದಲಾಯಿಸಿಕೊಳ್ಳುವುದು, ಮನೆಗಳು ತಣ್ಣಗೇ ಉಳಿದರೆ ಅವಳು ಮರಳಿ ಮೇಲೆ ಹೋಗುವುದು ಎಂದಾಯಿತು.

ಬಿಸಿನೀರು ಬಿಟ್ಟ ದಿನ ಜುಮಾಗುಲ್ ತನ್ನ ಹೊಸ ಮನೆಯ ಪೈಪಿನ ಮೇಲೆ ಅಂಗೈ ಇಟ್ಟಳು. ಮಂಜುಗಡ್ಡೆ. ಮಧ್ಯಾಹ್ನದ ಹೊತ್ತಿಗೆ ತೊಕ್ತೊಸುನ್ ತುಪ್ಪಳದ ಟೋಪಿ, ಎರಡೆರಡು ಕೋಟು ತೊಟ್ಟು ಬಂದ.

"ಗಂಟುಮೂಟೆ ಕಟ್ಟು ಜುಮಾಗುಲ್. ನನ್ನ ಮೂಗು ಆಗಲೇ ಊರು ಬಿಟ್ಟಿದೆ."

ಅಷ್ಟರಲ್ಲಿ ಗುಲ್ಸಾರಾ ಓಡಿ ಬಂದಳು. ಮುಖಮೂತಿಗೆಲ್ಲ ಕಪ್ಪು ನೀರು ಸಿಡಿದಿತ್ತು. ಎಸೆನ್ ಎಂದಿನಂತೆ ದಾರಿಯ ಮೇಲಿದ್ದ. ಗಾಳಿ ಹೋಯಿತು, ನೀರು ಬಂತು, ಗೋಡೆಗಂಟಿಸಿದ ಕಾಗದ ಹಾಳಾದೀತೆಂದು ಕೂಡಲೇ ನಲ್ಲಿ ಮುಚ್ಚಿದೆ, ಆದರೂ ಬಿಸಿಯೇ ಇಲ್ಲ ಎಂದಳು, ಅಳುವುದೊಂದು ಬಾಕಿ.

"ಮೊದಲ ನೀರು ಸುಳ್ಳು ಹೇಳುತ್ತೆ ಮಗಳೇ, ಒಳಗಿನ್ನೂ ಗಾಳಿ ಇರುತ್ತೆ, ಕೆಮ್ಮುತ್ತಾ ಬರುತ್ತೆ. ಕೆಮ್ಮು ನಿಂತು ಸಲೀಸಾಗಿ ಹರಿಯೋವರೆಗೂ ಮುಚ್ಚಬೇಡ. ಗೋಡೆ ಹಾಳಾದ್ರೆ ಆಗಲಿ, ಅದರ ಮೇಲೊಂದು ಕಂಬಳಿ ತೂಗುಹಾಕು. ನಾನು ಮಾಡ್ತಿದ್ದಿದ್ದೂ ಅದೇ."

"ಇದನ್ನ ಮೊದಲೇ ಹೇಳಬಾರದಿತ್ತಾ?" ತೊಕ್ತೊಸುನ್ ಗೊಣಗಿದ.

"ಇಷ್ಟು ವರ್ಷದಲ್ಲಿ ನೀನು ಯಾವತ್ತು ಕೇಳಿದ್ದೆ?"

ನಿಜವೆಂದರೆ ಕೈಗೆ ಗೊತ್ತಿದ್ದುದನ್ನು ಬಾಯಲ್ಲಿ ಹೇಳಬೇಕೆಂದು ಅವಳಿಗೇ ಹೊಳೆದಿರಲಿಲ್ಲ.

ಗುಲ್ಸಾರಾ ಮೇಲೋಡಿದಳು. ಮುದುಕ ಮುದುಕಿ ಇಬ್ಬರೂ ಜ್ವರದ ಮಗುವಿನ ಹಣೆ ಮುಟ್ಟಿದಂತೆ ಪೈಪು ಮುಟ್ಟಿ ಕೂತರು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಒಳಗೆ ಗುಳುಗುಳು ಸದ್ದು. ಆಮೇಲೆ ಬೆಚ್ಚಗಾಯಿತು. ತೊಕ್ತೊಸುನ್ ಟೋಪಿ ತೆಗೆದ. ಚಹಾ ಬಂದ ಮೇಲೆ ಒಂದು ಕೋಟು, ಎರಡನೆಯ ಬಟ್ಟಲಿಗೆ ಇನ್ನೊಂದು.

"ಸರಿ ಬಿಡು, ಗಂಟು ಕಟ್ಟಬೇಡ," ಎಂದ.

ಅವನನ್ನು ಅಲ್ಲೇ ಬಿಟ್ಟು ಜುಮಾಗುಲ್ ಶಾಲು ಹೊದ್ದು, ಕೋಲು ಹಿಡಿದು ಈರುಳ್ಳಿ ತರಲು ಹೊರಟಳು. ಅಂಗಡಿ ಕೂಗಳತೆಯ ದೂರ. ಸಿಕ್ಕವರನ್ನೆಲ್ಲ ನಿಲ್ಲಿಸಿ ಮಾತಾಡಿಸಿ, ಒಬ್ಬರ ಮನೆ ಹೊಕ್ಕು ಕೂತು, ಅವಳು ಹಿಂದಿರುಗುವಾಗ ಸಂಜೆಯಾಗಿತ್ತು. ಈರುಳ್ಳಿ ಮರೆತೇ ಹೋಗಿತ್ತು. ತೊಕ್ತೊಸುನ್ ಪೈಪಿಗೆ ಬೆನ್ನು ಕೊಟ್ಟು ಗೊರಕೆ ಹೊಡೆಯುತ್ತಿದ್ದ.