'ಹಕ್ಕು' ಎಂಬ ಮಾತಿಗೆ ದಾಖಲೆ ಕೇಳಿದ ಅಕ್ಕ

ಅಕ್ಕನ ಬಲಗೈ ಕಿರುಬೆರಳಿನ ಬದಿಗೆ ಸದಾ ಪೆನ್ಸಿಲಿನ ಕಪ್ಪು ಹತ್ತಿರುತ್ತಿತ್ತು. ಪಾತ್ರೆ ತೊಳೆದರೂ ಹೋಗುತ್ತಿರಲಿಲ್ಲ. ಅಲ್ಲಿನ ಕನ್ನಡಿಗರೆಲ್ಲ ಅಕ್ಕ ಎನ್ನುತ್ತಿದ್ದ ಅವರು ಮೈಸೂರಿನವರು, ಕ್ಯೋಟೋದಲ್ಲಿ ಯುರೋಪಿನ ಹಳೆಯ ಕಾನೂನುಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದರು. ಏನನ್ನೇ ಓದಲಿ, ಅಂಚಿನಲ್ಲಿ ಎರಡು ಇಸವಿ ಬರೆಯುವರು: ಘಟನೆ ನಡೆದದ್ದು, ಅದನ್ನು ಬರೆದಿಟ್ಟದ್ದು. ನಡುವೆ ನೂರಾರು ವರ್ಷವಿದ್ದರೆ, "ಯಾರಿಗೋ ಕಥೆ ಬೇಕಾಗಿತ್ತು" ಎನ್ನುವರು.

ಜಪಾನಿನಲ್ಲಿ ದೊಡ್ಡ ಭೂಕಂಪವಾದ ಮರುವರ್ಷ ಅದರ ವರದಿಗೆಂದು ಬಂದ ನಾನು ಅಲ್ಲೇ ಉಳಿದು, ಕನ್ನಡ ಪತ್ರಿಕೆಯೊಂದಕ್ಕೆ ಅಂಕಣ ಬರೆಯುತ್ತಿದ್ದೆ. ಒಮ್ಮೆ ದೊರೆಗಳ 'ಮೊದಲ ರಾತ್ರಿಯ ಹಕ್ಕು' ನನ್ನ ವಿಷಯವಾಯಿತು. ಯುರೋಪಿನಲ್ಲಿ ಒಕ್ಕಲಿನ ಮದುವಣಗಿತ್ತಿ ಮೊದಲು ದೊರೆಯ ಮನೆಗೆ ಹೋಗಬೇಕಿತ್ತು, ನಮ್ಮ ಒಂದು ಪಾಳೆಯಪಟ್ಟಿನಲ್ಲೂ ಅದೇ ಪದ್ಧತಿಯಿತ್ತು ಎಂದು ಊರಿನ ಹೆಸರು ಹಾಕಿ ಬರೆದೆ. ಕೇಳಿದ ಮಾತು, ಪರಿಶೀಲಿಸಿರಲಿಲ್ಲ.

ಕ್ಯೋಟೋ ಕನ್ನಡಿಗರ ಭಾನುವಾರದ ಕೂಟಕ್ಕೆ ಆ ಊರಿನ ಹುಡುಗಿಯೊಬ್ಬಳು ಹೊಸದಾಗಿ ಮದುವೆಯಾಗಿ ಬಂದಿದ್ದಳು. "ಏನಮ್ಮಾ, ಪಾಳೇಗಾರ್ರ ಪರ್ಮಿಶನ್ ಸಿಕ್ತಾ?" ಎಂದು ಯಾರೋ ಚುಡಾಯಿಸಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮುಂದಿನ ವಾರದಿಂದ ಅವಳು ಬರಲಿಲ್ಲ.

ಅಕ್ಕ ಸೈಕಲ್ಲಿನಲ್ಲಿ ನನ್ನ ಮನೆಗೇ ಬಂದರು.

"ಸೋರ್ಸ್ ಏನೋ ಇದಕ್ಕೆ?"

"ಎಲ್ಲರಿಗೂ ಗೊತ್ತಿರೋದೇ ಅಲ್ವಾ ಅಕ್ಕ?"

"ಎಲ್ಲರಿಗೂ ಗೊತ್ತಾಗೋದೇ ನಿನ್ನಂಥೋರಿಂದ. ಮದುವೆಗೆ ದೊರೆಗೆ ತೆರಿಗೆ ಕಟ್ತಿದ್ದಕ್ಕೆ ಕಾಗದ ಇದೆ. ಹಾಸಿಗೆಗೆ ಕಳಿಸ್ಬೇಕು ಅನ್ನೋ ಕಾನೂನು ಇಷ್ಟು ವರ್ಷ ಹುಡುಕಿದ್ರೂ ನಂಗೆ ಸಿಕ್ಕಿಲ್ಲ."

"ಹಾಗಾದ್ರೆ ದೊರೆಗಳೆಲ್ಲ ಸಂಭಾವಿತರಾ?"

"ಥೂ, ಯಾರು ಹಾಗಂದ್ರು? ಹೆಣ್ಣುಮಕ್ಕಳನ್ನ ಹೊತ್ಕೊಂಡು ಹೋಗಿದಾರೆ, ಅದಕ್ಕೆ ರೆಕಾರ್ಡ್ಸ್ ಇದೆ. ಅದು ದೌರ್ಜನ್ಯ ಕಣೋ. ನೀನು 'ಹಕ್ಕು' ಅಂದೆ. ಅಂದ್ರೆ ಅವಳ ಮುತ್ತಜ್ಜಂದಿರೇ ಒಪ್ಪಿ ಮಗಳನ್ನ ಕಳಿಸಿಕೊಟ್ರು ಅಂತಾಯ್ತು. ಆ ಹುಡುಗಿ ಯಾವ ಮುಖ ಇಟ್ಕೊಂಡು ಬರ್ತಾಳೆ?"

ಅಂದೇ ತಿದ್ದುಪಡಿ ಕಳಿಸಿದೆ. ಅರ್ಧ ಪುಟದ ಅಂಕಣಕ್ಕೆ ಒಳಪುಟದಲ್ಲಿ ನಾಲ್ಕು ಸಾಲು ಬಂತು. ಅಕ್ಕನಿಗೆ ಅದು ಸಾಲಲಿಲ್ಲ. ನನ್ನನ್ನು ಬಸ್ ಹತ್ತಿಸಿ ಹುಡುಗಿಯ ಮನೆಗೆ ಕರೆದೊಯ್ದರು.

"ಇವನು ಹೇಳ್ತಾನೆ, ಕೇಳಮ್ಮ. ಕ್ಷಮಿಸ್ಲೇಬೇಕು ಅಂತೇನಿಲ್ಲ."

ತಪ್ಪಾಯಿತು ಎಂದೆ. ಅವಳು ಟೀ ಕೊಟ್ಟು ಹೇಳಿದಳು: "ನೀವು ಬರೆದಿದ್ದನ್ನ ನಮ್ಮಜ್ಜಿಗೆ ಓದಿ ಹೇಳೋಕೆ ಹತ್ತು ಜನ ಬಂದ್ರಂತೆ. ಈ ನಾಲ್ಕು ಸಾಲನ್ನ ಯಾರೂ ಓದಿಲ್ಲ."

"ಫೋನ್ ಮಾಡು. ಇವನೇ ಓದ್ತಾನೆ," ಎಂದರು ಅಕ್ಕ.

ಓದಿದೆ. ಆ ಕಡೆಯಿಂದ ಅಜ್ಜಿ, "ಇನ್ನೊಂದ್ಸಲ ಓದಪ್ಪಾ, ಜೋರಾಗಿ. ಪಕ್ಕದ ಮನೆಯೋರ್ನ ಕರೀತೀನಿ ತಡಿ," ಎಂದರು. ಅಂದು ಮೂರು ಸಲ ಓದಿದೆ.

ಅಕ್ಕ ತೀರಿಕೊಂಡು ಎರಡು ವರ್ಷವಾಯಿತು. ಆ ಫೋನಿನ ದಿನದಿಂದ ಬರೆದ ಪ್ರತಿ ವರದಿಯಲ್ಲೂ 'ಸೋರ್ಸ್ ಏನೋ' ಎಂಬ ಅವರ ಪ್ರಶ್ನೆಗೆ ಉತ್ತರ ಸಿಗುವವರೆಗೆ ನಾನು ಕಾದಿದ್ದೇನೆ. ಅವರ ಬಗ್ಗೆ ಬರೆಯಲೇ ಎಂದು ಆ ಹುಡುಗಿಯನ್ನು ಕೇಳಿದೆ.

"ಬರೀರಿ ಅಣ್ಣ. ನಮ್ಮೂರಿನ ಹೆಸರು ಮಾತ್ರ ಬೇಡ."

ಹಾಕಿಲ್ಲ.