ಹದಿಮೂರನೆಯ ಕಿಟಕಿ

ಮಿಲ್ಪಿಟಾಸ್‌ನಲ್ಲಿ ಅಡಿವೆಪ್ಪ ಮಾಮಾ ಬಡಗಿ ಕೆಲಸ ಮಾಡುತ್ತಿದ್ದ ಶೆಡ್ಡು ಈಗಿಲ್ಲ. ಅಲ್ಲಿ ಟೌನ್‌ಹೌಸುಗಳು ಎದ್ದಿವೆ. ಆ ದಾರಿಯಲ್ಲಿ ಹೋದಾಗಲೆಲ್ಲ ನನಗೆ ರೆಡ್‌ವುಡ್ ಮರದ ಹೊಟ್ಟಿನ ವಾಸನೆ ನೆನಪಾಗುತ್ತದೆ.

ಗದಗದ ಕಡೆಯಿಂದ ಈ ದೇಶಕ್ಕೆ ಬಂದು ಮೂವತ್ತು ವರ್ಷ ಅಡುಗೆಮನೆಯ ಕಪಾಟು ಮಾಡಿದವರು ಮಾಮಾ. ಕೈ ನಡುಗಲು ಶುರುವಾದ ವರ್ಷ ಅವರಿಗೊಂದು ದೊಡ್ಡ ಕೆಲಸ ಸಿಕ್ಕಿತು. ಕೊಲ್ಲಿಯ ಆಚೆ, ಗುಡ್ಡದ ಮೇಲಿನ ಜಾರ್ಜಿಯನ್ ಶೈಲಿಯ ಹಳೆಯ ಇಟ್ಟಿಗೆ ಬಂಗಲೆಗೆ ಮುಂಭಾಗದ ಕಿಟಕಿಗಳನ್ನೆಲ್ಲ ಹೊಸದಾಗಿ ಮಾಡಿಕೊಡಬೇಕಿತ್ತು. ಇದೇ ತಮ್ಮ ಕೊನೆಯ ಕೆಲಸ, ಇದರಲ್ಲಿ ಕುಂದು ಉಳಿಯಬಾರದು ಎಂದು ಮಾಮಾ ನಿಶ್ಚಯಿಸಿದ್ದರು.

ಜಾರ್ಜಿಯನ್ ಮನೆಗೆ ನಡುವೆ ಬಾಗಿಲು, ಅದರ ಮೇಲೊಂದು ಕಿಟಕಿ, ಎರಡೂ ಬದಿಗೆ ಒಂದೇ ಅಳತೆಯ, ಒಂದೇ ಲೆಕ್ಕದ ಕಿಟಕಿಗಳು. ಚೌಕಟ್ಟಿನೊಳಗೆ ಕಬ್ಬಿಣದ ಗುಂಡು ಕಟ್ಟಿದ ಹಗ್ಗ ಅಡಗಿರುತ್ತದೆ. ಆ ಗುಂಡಿನ ಭಾರದಿಂದ, ಬೆರಳಲ್ಲಿ ಎತ್ತಿದರೂ ಕಿಟಕಿ ಮೇಲಕ್ಕೆ ಜಾರಿ ಅಲ್ಲೇ ನಿಲ್ಲುತ್ತದೆ.

ಅಳತೆಗೆ ಹೋದಾಗ ಮುಂಭಾಗಕ್ಕೆ ಸಾರುವೆ ಕಟ್ಟಿ ಬಟ್ಟೆ ಹೊದಿಸಿದ್ದರು. ಮಾಮಾ ಊರಿನ ರೂಢಿಯಂತೆ ಒಳಗಿನಿಂದ, ಒಂದೊಂದೇ ಕೋಣೆ ಹಿಡಿದು ಎಣಿಸಿದರು. ಹನ್ನೆರಡು. ಊರಲ್ಲಿ ಕಿಟಕಿಗಳ ಲೆಕ್ಕ ಸಮಸಂಖ್ಯೆಯೇ ಆಗಬೇಕು. ಸಮ ಬಂದದ್ದೇ ಸಮಾಧಾನವಾಗಿ ಮತ್ತೆ ಎಣಿಸಲಿಲ್ಲ.

ಹನ್ನೆರಡನ್ನೂ ಒಳಗಿನಿಂದಲೇ ಕೂರಿಸಿದರು. ಬಟ್ಟೆ ಇಳಿಸಿದ ದಿನ ನೋಡಿದರೆ, ಮೇಲಿನ ಸಾಲಿನ ಎಡತುದಿಯಲ್ಲಿ ಕೊಳೆತ ಹಳೆಯ ಕಿಟಕಿಯೊಂದು ಹಾಗೆಯೇ ಇತ್ತು.

"ಅದು ಸುಳ್ಳು ಕಿಟಕಿ ಅಂಕಲ್," ಎಂದ ಕೆಲಸ ನೋಡಿಕೊಳ್ಳುತ್ತಿದ್ದ ಲೋಹಿತ್. "ಹಿಂದೆ ಬರೀ ಗೋಡೆ. ಬಲಗಡೆಗೆ ಜೋಡಿ ಇರ್ಲಿ ಅಂತ ಇಟ್ಟಿದ್ದಾರೆ. ಶನಿವಾರ ಬಂಗ್ಲೆ ಓಪನಿಂಗು. ಪೇಂಟ್ ಹೊಡೆದುಬಿಡಿ, ಯಾರಿಗೂ ಗೊತ್ತಾಗಲ್ಲ."

"ನನಗ ಗೊತ್ತಾಗತೈತಲ್ಲೋ ತಮ್ಮಾ. ಎಣಿಸಿದ ತಪ್ಪು ನಂದು. ಒಂದು ವಾರ ಕೊಡಿಸು."

"ಓನರ್ ಬೈತಾರೆ ಅಂಕಲ್."

"ನನ್ನ ಹೆಸರು ಹೇಳು. ನನಗ ಬೈಲಿ."

ಬೈಗುಳದ ಜೊತೆಗೆ ವಾರವೂ ಸಿಕ್ಕಿತು. ಶೆಡ್ಡಿನಲ್ಲಿ ಮಾಮಾ ಆ ಕಿಟಕಿಗೂ ಹಗ್ಗ, ಗುಂಡು ಕಟ್ಟಲು ಕೂತಾಗ ಬಂಗಾರೆವ್ವ ಅತ್ತೆ ನಕ್ಕರು.

"ತೆಗಿಯೋರ ಇಲ್ಲ, ಇದಕ್ಕ ಗುಂಡ್ಯಾಕ? ಗ್ವಾಡಿಗೆ ಗಾಳಿ ಬೇಕೇನು?"

"ಗುಂಡಿಲ್ಲಂದ್ರ ವರ್ಷದಾಗ ಜಗ್ಗತೈತಿ. ಸಾಲು ಕೆಡತೈತಿ. ಸುಮ್ನ ಹಗ್ಗ ಹಿಡಿ ನೀ."

ನಡುಗುವ ಕೈಯಲ್ಲಿ ಗಂಟು ಬೀಳುತ್ತಿರಲಿಲ್ಲ. ಅತ್ತೆ ಹಿಡಿದರು, ಮಾಮಾ ಬಿಗಿದರು.

ಮುಂದಿನ ಶನಿವಾರ ಬಂಗಲೆಯ ಹುಲ್ಲುಹಾಸಿನ ಮೇಲೆ ನಿಂತು ಮಾಮಾ ಕೇಳಿದರು, "ಹೇಳು ನೋಡೂಣು, ಸುಳ್ಳಿಂದು ಯಾವುದು?"

ಅತ್ತೆ ಹಣೆಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು. "ಬಲಗಡೆ ತುದೀದು. ಕಣ್ಣಿಗೇ ಕಾಣತೈತಲ್ಲ!"

ಮಾಮಾ ಎಡತುದಿಯ ಕಿಟಕಿಯನ್ನೊಮ್ಮೆ ನೋಡಿ, ತಲೆಯಾಡಿಸಿ ನಕ್ಕರು.